ಮೊದಲ ತುತ್ತಿನ ಮೊಸರು

ಒಂದಾನೊಂದು ಕಾಲ ಅಂದರೆ ಎಷ್ಟು ಹಳೆಯದು ಎಂದು ಅಜ್ಜಿಯನ್ನು ಕೇಳಿದರೆ, "ಒಲೆಯಿಂದ ಇಳಿಸಿದ ಹಾಲು ಉಗುರುಬೆಚ್ಚಗಾಗೋ ಅಷ್ಟು ಹಳೇದು" ಎನ್ನುತ್ತಿದ್ದಳು. ನನ್ನ ಈ ಕಥೆಗೂ ಅಷ್ಟೇ ವಯಸ್ಸು. ಅದಕ್ಕೇ ಅವಳ ಹಾಗೆಯೇ ಶುರುಮಾಡುತ್ತೇನೆ. ಒಂದಾನೊಂದು ಕಾಲದಲ್ಲಿ ಒಂದು ಊರು. ಊರಿಗೆ ಏಳು ಬೀದಿ. ಏಳು ಬೀದಿಗೂ ಸೇರಿ ಒಂದೇ ಹಿಟ್ಟಿನ ಗಿರಣಿ. ಆ ಊರಿನಲ್ಲಿ ಹಾಲು ಸುಮ್ಮಸುಮ್ಮನೆ ಮೊಸರಾಗುತ್ತಿರಲಿಲ್ಲ.

ಹೆಪ್ಪು ಬೇಕಾದವರು ದೀಪ ಹಚ್ಚುವ ಮುಂಚೆ ಬಟ್ಟಲು ಹಿಡಿದು ಪಕ್ಕದ ಮನೆಯ ಜಗಲಿಗೆ ಹೋಗಿ ಕೂರುತ್ತಾರೆ. ಆ ಮನೆಯವರು ಬಟ್ಟಲಿಗೆ ಒಂದು ಚಮಚ ಮೊಸರು ಹಾಕಿ, ಜೊತೆಗೆ ಮಕ್ಕಳನ್ನು ಸಾಕಿದ್ದರಲ್ಲಿ ನಿಜವಾಗಿ ನಡೆದ ಒಂದು ಮಾತು ಹೇಳಬೇಕು. ಮಾತು ನಿಜವಾದರೆ ಬೆಳಗಿನ ಹೊತ್ತಿಗೆ ಮೊಸರು ಗಟ್ಟಿ. ಸುಳ್ಳಾದರೆ ಹಾಲು ಒಡೆಯುತ್ತದೆ. ನಿಜಕ್ಕೆ ಬಣ್ಣ ಬಳಿದಿದ್ದರೆ ಮೊಸರು ಲೋಳೆಲೋಳೆಯಾಗಿ ಚಮಚದಿಂದ ದಾರದಂತೆ ಇಳಿಯುತ್ತದೆ. ನಿನ್ನೆಯ ಮಾತು ಇವತ್ತಿಗೆ ನಡೆಯುವುದಿಲ್ಲ. ಮಕ್ಕಳಿಲ್ಲದವರು ತಾವು ಹೇಗೆ ಬೆಳೆದೆವು ಎಂಬುದನ್ನು ಹೇಳಿದರೂ ಆಗುತ್ತದೆ. ಹೀಗಾಗಿ ನಮ್ಮೂರಿನ ಸಂಜೆಯ ಜಗಲಿಗಳ ಮೇಲೆ ಸಿಗುವಷ್ಟು ಮಕ್ಕಳ ಸುದ್ದಿ ಇನ್ನೆಲ್ಲಿಯೂ ಸಿಗದು.

"ಸುಳ್ಳು ಹೇಳ್ತೀಯಾ ಅಂತ ದೊಡ್ಡೋನಿಗೆ ಬಾರಿಸಿಬಿಟ್ಟೆ ಕಣವ್ವ. ಅವನು ಹೇಳಿದ್ದೇ ನಿಜ ಅಂತ ಮಾರನೇ ದಿನ ಗೊತ್ತಾಯ್ತು. ತಪ್ಪಾಯ್ತು ಮಗನೇ ಅಂತ ಇವತ್ತಿಗೂ ಅಂದಿಲ್ಲ" ಎಂದು ಬಳೆ ಮಾರುವ ಚೌಡಮ್ಮ ಒಮ್ಮೆ ಹೇಳಿದಳು. ಆ ಮೊಸರು ಬೇಸಿಗೆಯಲ್ಲೂ ಮೂರು ದಿನ ಹುಳಿಯಾಗಲಿಲ್ಲ. ಊರ ಮಕ್ಕಳಿಗೆಲ್ಲ ಹಬ್ಬಕ್ಕೆ ಲಂಗ ಹೊಲಿದುಕೊಟ್ಟ ದರ್ಜಿ ತನ್ನ ಮಗಳಿಗೆ ಹೊಲಿಯುವುದನ್ನೇ ಮರೆತಿದ್ದ. ಅವಳು ಹಬ್ಬದ ದಿನ ಹಳೆಯ ಲಂಗ ಉಟ್ಟು ಬಂದು, "ಇದೂ ನೀನೇ ಹೊಲಿದಿದ್ದಲ್ವಾ ಅಪ್ಪ, ಚೆನ್ನಾಗೈತೆ" ಅಂದಳಂತೆ. ಅದನ್ನು ಹೇಳುವಾಗ ಅವನು ಬಟ್ಟಲಿನ ಕಡೆ ನೋಡುತ್ತಿದ್ದನೇ ಹೊರತು ಬಟ್ಟಲು ಹಿಡಿದವರ ಕಡೆ ನೋಡಲಿಲ್ಲ. ಇನ್ನು ಮೇಷ್ಟರ ಹೆಂಡತಿ. "ನಮ್ಮ ಹುಡುಗ ಹುಟ್ಟಿದಾಗಿನಿಂದ ಒಂದು ದಿನಾನೂ ಹಟ ಮಾಡಿದೋನಲ್ಲ" ಎಂದು ಆಕೆ ಹೇಳಿದ ದಿನ ಎದುರುಮನೆಯ ಎರಡು ಸೇರು ಹಾಲು ಒಡೆದು ಹೋಯಿತು. ಎದುರುಮನೆಯವರೇನೂ ಜಗಳಕ್ಕೆ ಹೋಗಲಿಲ್ಲ. ಒಡೆದ ಹಾಲಿಗೆ ಬೆಲ್ಲ ಹಾಕಿ ಕಾಯಿಸಿ ಒಂದು ಬಟ್ಟಲು ಕಳಿಸಿಕೊಟ್ಟರು. "ನಿಮ್ಮ ಮಗನ ಒಳ್ಳೇ ಗುಣದಿಂದ ಮಾಡಿದ್ದು, ತಿನ್ನಿ."

ಇವೆಲ್ಲ ದಿನದಿನದ ಮೊಸರಿನ ಮಾತು. ಕೂಸಿನ ಮೊದಲ ತುತ್ತಿನ ಮೊಸರಿಗೆ ಕಟ್ಟಲೆಯೇ ಬೇರೆ. ಹೆಪ್ಪು ಯಾರದ್ದಾದರೂ ಆಗಬಹುದು, ಮಾತು ಮಾತ್ರ ಹೆತ್ತವರದ್ದೇ ಆಗಬೇಕು, ಅದೂ ಕೂಸಿಗೆ ಎರಡನೆಯ ಹಲ್ಲು ಹೊರಬರುವುದರೊಳಗೆ. ಆಗದಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಬೇರೆ ಯಾರಾದರೂ ತಮ್ಮ ಮೊಸರಿನಲ್ಲಿ ಅನ್ನ ಕಲಸಿ ತಿನ್ನಿಸುತ್ತಾರೆ. ಆ ಮಗು ಬದುಕಿರುವ ತನಕ ಊರು ಅದನ್ನು "ಎರವಲು ಮೊಸರು" ಎಂದು ಕರೆಯುತ್ತದೆ, ಅಷ್ಟೆ. ಅಷ್ಟೆ ಎಂದು ಹೇಳುವುದು ಸುಲಭ. ನನ್ನ ಹೆಸರು ನಾಗವೇಣಿ. ಶಾಲೆಯ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಮದುವೆಯ ತನಕ ನನ್ನನ್ನು ಹಾಗೆ ಕರೆದವರು ಯಾರೂ ಇಲ್ಲ. "ಏ ಎರವಲು ಮೊಸರು, ನಿಮ್ಮಜ್ಜಿ ಕರೀತಾವ್ಳೆ ನೋಡೇ!"

ನನ್ನನ್ನು ಹೆತ್ತ ಮೂರನೆಯ ದಿನಕ್ಕೆ ಅಮ್ಮ ಇಲ್ಲವಾದಳು. ಅಪ್ಪ ಸಂತೆಗೆ ಹೊರಟ ಒಂದು ಗಾಡಿಯ ಹಿಂದೆ ನಡೆದು ಹೋದವನು ಮರಳಲಿಲ್ಲ. ನನ್ನನ್ನು ಸಾಕಿದವಳು ಅಮ್ಮನ ತಾಯಿ, ಸಿದ್ದಜ್ಜಿ. ಅಜ್ಜಿಯ ಬಾಯಲ್ಲಿ ಕಥೆಯಾಗದೆ ಉಳಿದದ್ದು ಒಂದೂ ಇರಲಿಲ್ಲ. ಬೆಕ್ಕು ಹಾಲು ಕುಡಿದರೆ, ಬೆಕ್ಕಿನ ರಾಜ್ಯಕ್ಕೆ ಬರ ಬಂದಿರುತ್ತಿತ್ತು. ಮನೆ ಸೋರಿದರೆ, ಮಳೆರಾಯ ತನ್ನ ಕಿರಿಮಗಳಿಗೆ ಉಯ್ಯಾಲೆ ಕಟ್ಟಲು ತೊಲೆ ಹುಡುಕಿಕೊಂಡು ಬಂದಿರುತ್ತಿದ್ದ. ಅಮ್ಮ ಎಲ್ಲಿ ಎಂದು ಕೇಳಿದರೆ, "ನಕ್ಷತ್ರ ಎಣಿಸೋಕೆ ಹೋಗವ್ಳೆ ಪುಟ್ಟಿ, ಎಣಿಕೆ ತಪ್ಪಿಹೋಗಿ ಮತ್ತೆ ಮೊದಲಿಂದ ಎಣಿಸ್ತಾವ್ಳೆ" ಎನ್ನುವಳು. ಇಂಥವಳ ಹೆಪ್ಪನ್ನು ಯಾರು ತಾನೇ ಕೇಳಿಯಾರು? ಅವಳ ಮಾತು ಬಿದ್ದ ಹಾಲು ಲೋಳೆಯಾಗದ ದಿನವೇ ಇರಲಿಲ್ಲ. "ಸಿದ್ದಜ್ಜಿ ಮೊಸರಲ್ಲಿ ಹೂಮಾಲೆ ಕಟ್ಟಬೋದು" ಎಂದು ಬೀದಿಯವರು ನಗುತ್ತಿದ್ದರು. ಅಜ್ಜಿಯೂ ನಗುತ್ತಿದ್ದಳು. ಆದರೆ ಮೂಲೆಯಲ್ಲಿದ್ದ ತನ್ನ ಕರಿಯ ಗಡಿಗೆಯನ್ನು ದಿನಾ ತೊಳೆದು ಬಿಸಿಲಿಗೆ ಬೋರಲು ಹಾಕುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ನಾನು ಗಂಡನ ಮನೆಗೆ ಹೊರಟ ದಿನ ಆ ಗಡಿಗೆಯನ್ನು ನನ್ನ ಮಡಿಲಲ್ಲಿಟ್ಟಳು. "ಪುಟ್ಟಿ, ನನ್ನ ಕೈಲಿ ಇದರೊಳಗೆ ಒಂದು ದಿನಾನೂ ನೆಟ್ಟಗೆ ಮೊಸರಾಗ್ಲಿಲ್ಲ. ನಿನ್ನ ಮೊದಲ ತುತ್ತಿಗೂ ಪಕ್ಕದ ಮನೇಲಿ ಕೈಯೊಡ್ಡಿದೆ. ನಿನ್ನ ಕೂಸಿನ ಮೊದಲ ತುತ್ತು ಇದರಿಂದ್ಲೇ ಆಗ್ಬೇಕು. ಮಾತು ಕೊಡು."

"ಕೊಟ್ಟೆ ಅಜ್ಜಿ."

ಕೊಡುವಾಗ ಅದೇನು ಮಹಾ ಅನ್ನಿಸಿತ್ತು.

ನನ್ನ ಗಂಡ ತಿಪ್ಪೇಶ ಗಾರೆ ಕೆಲಸದವರು. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ಗೋಡೆ ಕೂದಲೆಳೆಯಷ್ಟು ವಾಲಿದರೂ ಕೆಡವಿ ಕಟ್ಟುವವರು. ಮಾತು ಕಡಿಮೆ. ಅತ್ತೆ ಹನುಮಕ್ಕನಿಗೆ ಮಾತು ಕಡಿಮೆಯಿಲ್ಲ. ಅವರ ಹೆಪ್ಪಿಗೆ ಏಳು ಬೀದಿಯಲ್ಲೂ ಹೆಸರು. ಅವರು ಕೊಟ್ಟ ಹೆಪ್ಪಿನ ಮೊಸರನ್ನು ಕುಡುಗೋಲಿನಲ್ಲಿ ಕೊಯ್ಯಬೇಕು ಎಂದು ತಮಾಷೆ ಮಾಡುವರು. ನಾನು ಬಂದ ವಾರದಲ್ಲೇ ಒಲೆಯ ಮುಂದೆ ಕನಸು ಕಾಣುತ್ತ ಸಾರು ಸೀಯಿಸಿದ್ದನ್ನು ಕಂಡು, "ನೋಡ್ಕಳೋ ತಿಪ್ಪೇಶ, ನಾಳೆ ಇವಳು ಕೂಸನ್ನೂ ಎಲ್ಲಾದ್ರೂ ಇಟ್ಟು ಬಂದಾಳು" ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ.

ಕೂಸು ಹುಟ್ಟಿತು. ಹೆಣ್ಣು. ಗಂಡ ದಿನಾ ಕೆಲಸದಿಂದ ಬಂದು ತೊಟ್ಟಿಲ ಪಕ್ಕ ನಿಂತು ನೋಡುವರು. ಎತ್ಕೊಳ್ಳಿ ಎಂದರೆ, "ಕೈಯಲ್ಲಿ ಗಾರೆ ಐತೆ" ಎನ್ನುವರು. ಕೈ ತೊಳೆದು ಬಂದ ಮೇಲೆ ಕೂಸು ಮಲಗಿರುತ್ತಿತ್ತು. ಅದು ಹಾಗೆಯೇ ನಡೆದುಕೊಂಡು ಬಂತು. ನಾನೂ ಅದನ್ನು ಎಣಿಕೆಗೆ ತೆಗೆದುಕೊಳ್ಳಲಿಲ್ಲ.

ಕೂಸಿಗೆ ನಾಲ್ಕು ತಿಂಗಳಾದಾಗ ಒಂದು ಮಧ್ಯಾಹ್ನ ರಾಗಿ ಬೀಸಿಸಲು ಗಿರಣಿಗೆ ಹೋದೆ. ಸೊಂಟದಲ್ಲಿ ಕೂಸು, ತಲೆಯ ಮೇಲೆ ಡಬ್ಬ. ಗಿರಣಿಯ ಬೋರಮ್ಮ ಹಿಟ್ಟು ತುಂಬಿಕೊಡುವಾಗ ಡಬ್ಬ ಹಿಡಿಯಲೆಂದು ಕೂಸನ್ನು ಪಕ್ಕದ ಅಕ್ಕಿಹಿಟ್ಟಿನ ಮೂಟೆಯ ಮೇಲೆ ಮಲಗಿಸಿದೆ. ಗಿರಣಿಯ ಸದ್ದಿಗೆ ಅದು ತಕ್ಷಣ ನಿದ್ದೆ ಹೋಯಿತು. ಕಿಟಕಿಯಿಂದ ಬಂದ ಬಿಸಿಲಿನ ಕೋಲಿನಲ್ಲಿ ಹಿಟ್ಟಿನ ಕಣಗಳು ಏರುತ್ತ ಇಳಿಯುತ್ತ ಇದ್ದವು. ಇದು ಇರುವೆಗಳ ಸ್ವರ್ಗಕ್ಕೆ ಹೋಗುವ ಏಣಿ ಅನ್ನಿಸಿತು. ಆ ಏಣಿ ಹತ್ತಿದ ಮೊದಲ ಇರುವೆ ಯಾವುದು, ಅದು ಹೆಗಲ ಮೇಲೆ ಏನು ಹೊತ್ತಿತ್ತು ಎಂದು ಯೋಚಿಸುತ್ತ ಡಬ್ಬ ತಲೆಗಿಟ್ಟುಕೊಂಡು ಮನೆಗೆ ಬಂದೆ. ಡಬ್ಬ ಇಳಿಸಿದೆ. ಸೊಂಟ ಹಗುರವಾಗಿತ್ತು.

ಹೇಗೆ ಓಡಿದೆನೋ ತಿಳಿಯದು. ಒಂದು ಚಪ್ಪಲಿ ಯಾವ ಬೀದಿಯಲ್ಲಿ ಬಿತ್ತೋ, ಅದು ಮತ್ತೆ ಸಿಗಲೇ ಇಲ್ಲ. ಹೋಗಿ ನೋಡಿದರೆ ಕೂಸು ಅದೇ ಮೂಟೆಯ ಮೇಲೆ, ರೆಪ್ಪೆಯಿಂದ ಕಾಲ್ಬೆರಳ ತನಕ ಬೆಳ್ಳಗಾಗಿ, ಹಾಯಾಗಿ ಮಲಗಿತ್ತು. ಬೋರಮ್ಮ ಕೂಸನ್ನೆತ್ತಿ ನನ್ನ ಕೈಗಿಟ್ಟು, "ಉಸಿರು ಬಿಡವ್ವ ಮೊದ್ಲು" ಎಂದಳು.

ಮನೆಗೆ ಬರುವಷ್ಟರಲ್ಲಿ ಗಂಡ ಕೆಲಸದಿಂದ ಬಂದಿದ್ದರು. "ಇದೇನು, ಕೂಸೆಲ್ಲ ಬೆಳ್ಳಗೆ?"

ನನ್ನ ಬಾಯಿ ತಾನಾಗಿ ತೆರೆಯಿತು. "ದಾರೀಲಿ ಒಂದು ಮೋಡ ಕೆಳಗಿಳಿದು ಬಂತು ಕಣ್ರೀ. ಕೂಸಿಗೆ ಮುತ್ತಿಟ್ಟು ಹೋಯ್ತು."

ಅವರು ನಕ್ಕರು. ಅಪರೂಪಕ್ಕೆ ನಗುವವರು, ಹಲ್ಲೆಲ್ಲ ಕಾಣುವ ಹಾಗೆ ನಕ್ಕರು. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಮಾರನೆಯ ದಿನದಿಂದ ಕೆಲಸ ಮಾಡುವ ಕಡೆಯಲ್ಲೆಲ್ಲ, "ನಮ್ಮ ಕೂಸಿಗೆ ಮೋಡ ಮುತ್ತಿಟ್ಟದೆ" ಎಂದು ಹೇಳಿಕೊಂಡು ತಿರುಗಿದರು. ಕಲ್ಲು ಹೊರುವ ಹೆಂಗಸರು ದಾರಿಯಲ್ಲಿ ಸಿಕ್ಕಾಗ, "ಇದೇ ಏನವ್ವ ಮೋಡದ ಕೂಸು?" ಎಂದು ಗಲ್ಲ ಹಿಂಡುತ್ತಿದ್ದರು. ಪ್ರತಿ ಸಲವೂ ನಾನು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಬೇಗಬೇಗ ಹೆಜ್ಜೆ ಹಾಕುತ್ತಿದ್ದೆ.

ಏಳನೆಯ ತಿಂಗಳಲ್ಲಿ ಮೊದಲ ಹಲ್ಲು ಬಂತು. ಅಜ್ಜಿಯ ಗಡಿಗೆ ಇಳಿಸಿ ತೊಳೆದೆ. ಅತ್ತೆ ಬಾಯಿ ಬಿಗಿಹಿಡಿದು, ಮಾತಿಲ್ಲದ ಬರೀ ಹೆಪ್ಪನ್ನು ಒಂದು ಚಮಚ ಹಾಕಿದರು. ನಾನು ಗಂಡನನ್ನು ಎದುರಿಗೆ ಕೂರಿಸಿಕೊಂಡೆ. ಗಿರಣಿಯದನ್ನು ಬಿಟ್ಟು ಬೇರೆ ಯಾವುದಾದರೂ ನಿಜ ಸಾಕಾದೀತು ಎಂಬ ಆಸೆ. "ಒಂದೊಂದ್ಸಲ ಕೂಸು ಅಳೋದು ನಿಲ್ಲಿಸ್ದೇ ಇದ್ರೆ ನನಗೂ ಅಳು ಬರ್ತದೆ" ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತೋ ಏನೋ. "ಆಗ ನಮ್ಮಿಬ್ಬರ ಕಣ್ಣೀರೂ ಸೇರಿ ತೊಟ್ಟಿಲ ಕೆಳಗೆ ಒಂದು ಹೊಳೆ ಹರೀತದೆ, ಅದರಲ್ಲಿ ಬೆಳ್ಳಿ ಮೀನು…" ಬೆಳಗ್ಗೆ ನೋಡಿದರೆ ಮೊಸರು ಚಮಚದಿಂದ ನೆಲದ ತನಕ ದಾರ ಎಳೆಯಿತು. ಅತ್ತೆ ಅದನ್ನು ನೋಡಿ, "ಅಜ್ಜಿ ಮೊಮ್ಮಗಳೇ ಸೈ" ಎಂದರು.

ಆಮೇಲೆ ಒಂದು ಉಪಾಯ ಹೊಳೆಯಿತು. ಯಾರೂ ಇಲ್ಲದಾಗ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಗಡಿಗೆಯ ಬಾಯಿಗೆ ಬಾಯಿ ಇಟ್ಟು, ಗಿರಣಿ, ಮೂಟೆ, ಇರುವೆ, ಚಪ್ಪಲಿ ಎಲ್ಲವನ್ನೂ ಒಂದಕ್ಷರ ಬಿಡದೆ ಪಿಸುಗುಟ್ಟಿದೆ. ಹೇಳಿ ಮುಗಿಸಿದಾಗ ಕಣ್ಣು ತುಂಬಿತ್ತು. ಈ ಸಲ ಕಲ್ಲಿನಂಥ ಮೊಸರು ಖಂಡಿತ ಅಂದುಕೊಂಡೆ. ಬೆಳಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಒಡೆದಿರಲಿಲ್ಲ, ಲೋಳೆಯಾಗಿರಲಿಲ್ಲ. ನಾನೇನೂ ಹೇಳಿಯೇ ಇಲ್ಲವೇನೋ ಎಂಬಂತೆ ಸುಮ್ಮನೆ ಇತ್ತು.

ಹಿಂದಿನಿಂದ ಅತ್ತೆ ಇಣುಕಿ ನೋಡಿದರು. "ಬಾಗಿಲು ಹಾಕ್ಕೊಂಡು ಹೇಳಿದ್ಯಾ?"

ನಾನು ಮುಚ್ಚಳವನ್ನು ಮತ್ತೆ ಗಡಿಗೆಯ ಮೇಲಿಟ್ಟೆ.

"ಗಡಿಗೆಗೆ ಕಿವಿ ಇರಲ್ಲ ಕಣಮ್ಮ. ಕೇಳೋರು ಬೇಕು." ಕೂಸಿನ ಒಸಡಿನ ಮೇಲೆ ಬೆರಳಾಡಿಸಿದರು. "ಎರಡನೇದು ಅಕ್ಕಿಕಾಳಿನಂಗೆ ಚುಚ್ಚತೈತೆ. ಶುಕ್ರವಾರಕ್ಕೆ ಹೊರಗೆ ಬರ್ತದೆ. ಅಷ್ಟರೊಳಗೆ ಆದ್ರೆ ಸರಿ, ಇಲ್ದಿದ್ರೆ ನಾನೇ ತಿನ್ನಿಸ್ತೀನಿ. ಬೇಜಾರು ಮಾಡ್ಕಬೇಡ."

ಬೇಜಾರಲ್ಲ, ಭಯ. ಸೊಂಟದ ಮೇಲೆ ಕೂತು ನನ್ನ ತಾಳಿಯನ್ನು ಚೀಪುತ್ತಿದ್ದ ಕೂಸನ್ನು ಏಳು ಬೀದಿಯ ಮಕ್ಕಳು ಎರವಲು ಮೊಸರು ಎಂದು ಕೂಗುವುದು ಆಗಲೇ ಕಿವಿಗೆ ಕೇಳಿಸುತ್ತಿತ್ತು. ಹೇಳಿದರೆ ಇನ್ನೊಂದು ಭಯ. ಕೂದಲೆಳೆಯಷ್ಟು ವಾಲಿದ ಗೋಡೆಯನ್ನೇ ಕೆಡವುವವರು ಇಂಥ ಹೆಂಡತಿಯ ಕೈಗೆ ಕೂಸನ್ನು ಮತ್ತೆ ಕೊಟ್ಟಾರೆಯೇ?

ಬುಧವಾರ ಗಿರಣಿಗೆ ಹೋದೆ. ಕೂಸನ್ನು ಸೀರೆಯ ಸೆರಗಿನಿಂದ ಸೊಂಟಕ್ಕೆ ಎರಡು ಸುತ್ತು ಕಟ್ಟಿಕೊಂಡಿದ್ದೆ. ಬೋರಮ್ಮ ನೋಡಿ ನಕ್ಕಳು. "ಗಂಡನಿಗೆ ಹೇಳ್ದ್ಯಾ?"

"ಇಲ್ಲ. ನೀವೇ ಹೇಳ್ಬಿಡಿ ಬೋರಮ್ಮ. ನೀವು ನೋಡಿದೋರು, ನೆಟ್ಟಗೆ ಹೇಳ್ತೀರ. ನಾನು ಹೇಳೋಕೆ ಹೋದ್ರೆ ನಡುವೆ ಎಲ್ಲೋ ಒಂದು ಆನೆ ಬಂದ್ಬಿಡ್ತದೆ."

"ಬರ್ಲಿ. ಬಂದ ಆನೇನ ಆಚೆಗೆ ಹೊಡೆದು ಮುಂದೆ ಹೇಳು." ಅವಳು ಗಿರಣಿಯ ಬಾಯಿಗೆ ರಾಗಿ ಸುರಿದಳು. "ನಾನು ಬೀಸಿಕೊಡ್ತೀನಿ ಕಣವ್ವ. ರೊಟ್ಟಿ ತಟ್ಟಬೇಕಾದೋಳು ನೀನೇ."

ಗುರುವಾರ ಮಧ್ಯಾಹ್ನ ಗಂಡ ಊಟಕ್ಕೆ ಬಂದರು. ಹಾಲು ಕಾಯಿಸಿ ಆರಿಸಿ ಗಡಿಗೆಗೆ ಸುರಿದಿಟ್ಟಿದ್ದೆ. ಹೆಪ್ಪು ಬಟ್ಟಲಲ್ಲಿತ್ತು. ಅತ್ತೆ ಹಿತ್ತಿಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಬೀಜಗಳು ಮೊರಕ್ಕೆ ಟಪ್ ಟಪ್ ಎಂದು ಬೀಳುವುದು ಕೇಳಿಸುತ್ತಿತ್ತು. ಗಂಡನ ಊಟ ಮುಗಿಯುವ ತನಕ ಕಾದೆ.

"ರೀ, ಅದು ಮೋಡ ಅಲ್ಲ."

"ಯಾವುದು?"

"ಅವತ್ತು ಕೂಸು ಬೆಳ್ಳಗಾಗಿತ್ತಲ್ಲ, ಅದು ಮೋಡ ಮುತ್ತಿಟ್ಟಿದ್ದಲ್ಲ. ಹಿಟ್ಟು. ಕೂಸನ್ನ ಗಿರಣೀಲಿ ಮರೆತು ಬಂದಿದ್ದೆ."

ಹಿತ್ತಿಲಲ್ಲಿ ಬೀಜ ಬೀಳುವ ಸದ್ದು ನಿಂತಿತು. ನಾನು ನಿಲ್ಲಲಿಲ್ಲ. ಡಬ್ಬ ನೆನಪಿಟ್ಟುಕೊಂಡು ತಂದೆ, ಕೂಸನ್ನು ಬಿಟ್ಟು ಬಂದೆ ಎಂದೆ. ಇರುವೆಗಳ ಏಣಿಯ ಬಗ್ಗೆ ಯೋಚಿಸುತ್ತಿದ್ದೆ ಎಂದೆ. ಆ ಏಣಿಗೆ ಚಿನ್ನದ ಮೆಟ್ಟಿಲಿದ್ದವು ಎಂದು ಹೇಳಲು ನಾಲಿಗೆ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದೆ. "ಬೀದಿ ತುಂಬ ಓಡಿದೆ. ಒಂದು ಚಪ್ಪಲಿ ಹೋಯ್ತು. ನಿಮಗೆ ಹೇಳೋಕೆ ಹೆದರಿಕೆಯಾಯ್ತು. ಇವತ್ತಿಗೂ ಹೆದರಿಕೆ." ಅಷ್ಟು ಹೇಳಿ ಹೆಪ್ಪನ್ನು ಹಾಲಿಗೆ ಹಾಕಿ ಕದಡಿ ಮುಚ್ಚಿದೆ.

ಅವರು ಎದ್ದು ಕೈ ತೊಳೆದರು. ತೊಟ್ಟಿಲಿನ ಹತ್ತಿರ ಹೋದರು. ಎರಡೂ ಕೈ ಚಾಚಿ ಕೂಸನ್ನು, ತುಂಬಿದ ಕೊಡ ಎತ್ತುವಂತೆ ಉಸಿರು ಕಟ್ಟಿ ಎತ್ತಿಕೊಂಡು, ನನ್ನ ಕಡೆ ನೋಡದೆ ಹೊರಗೆ ನಡೆದುಬಿಟ್ಟರು.

ಮುಗಿಯಿತು ಅಂದುಕೊಂಡೆ. ಹೊಸ್ತಿಲ ತನಕ ಹೋಗಿ ನಿಂತೆ. ಅತ್ತೆ ಒಳಗೆ ಬಂದು, ಖಾಲಿ ತೊಟ್ಟಿಲು ನೋಡಿ, ನನ್ನನ್ನು ನೋಡಿ, ಗಡಿಗೆಯ ಪಕ್ಕ ಕೂತರು. "ಅಲುಗಾಡಿಸಬೇಡ ಅದನ್ನ" ಎಂದರು. ನಾನು ಗಡಿಗೆಯನ್ನು ಮುಟ್ಟಿಯೇ ಇರಲಿಲ್ಲ. ಬಿಸಿಲು ಹೊಸ್ತಿಲಿನಿಂದ ಜಗಲಿಗೆ, ಜಗಲಿಯಿಂದ ಬೀದಿಗೆ ಸರಿಯಿತು.

ಗಂಡ ಮರಳಿ ಬಂದಾಗ ಮೊದಲು ಗುರುತೇ ಸಿಗಲಿಲ್ಲ. ತಲೆ, ಮೀಸೆ, ಹುಬ್ಬು, ಅಂಗಿ ಎಲ್ಲ ಬೆಳ್ಳಗೆ. ಎದೆಗವಚಿದ ಕೂಸೂ ಬೆಳ್ಳಗೆ. ಕೂಸು ಅವರ ಮೀಸೆ ಹಿಡಿದು ಜಗ್ಗುತ್ತಿತ್ತು.

"ಬೋರಮ್ಮ ತೋರಿಸಿದ್ಲು, ಅದೇ ಜಾಗದಲ್ಲಿ ಮೂಟೆ ಮೇಲೆ ಮಲಗಿಸಿ ನೋಡ್ದೆ" ಎಂದರು. "ಹಿಂದೆ ಗೋಡೆ ಐತೆ. ಮುಂದೆ ಇನ್ನೊಂದು ಮೂಟೆ. ಮಟ್ಟವಾಗೈತೆ. ಬೀಳೋ ಹಂಗಿಲ್ಲ. ಮೂರು ಸಲ ನೋಡ್ದೆ."

ನಾನು ಗಡಿಗೆಯ ಪಕ್ಕ ಕೂತೆ. ಅವರೂ ಕೂತರು. ಗಡಿಗೆಯ ಕಡೆ ಮುಖ ಮಾಡಿ ಹೇಳಿದರು. "ನಂದೂ ಒಂದೈತೆ. ಕೈಯಲ್ಲಿ ಗಾರೆ ಐತೆ ಅಂತಿದ್ನಲ್ಲ, ಗಾರೆ ಇರ್ತಿರ್ಲಿಲ್ಲ. ಬರೋ ದಾರೀಲಿ ಕೆರೇಲೇ ತೊಳ್ಕೊಂಡು ಬರ್ತಿದ್ದೆ. ಈ ಕೈ ಕಲ್ಲು ಎತ್ತೋ ಕೈ. ಎಲ್ಲಿ ಅಮುಕಿಬಿಡ್ತೀನೋ ಅಂತ ಹೆದರಿಕೆ. ಏಳು ತಿಂಗಳಾಯ್ತು. ಇವತ್ತೇ ಮೊದಲು ಎತ್ಕೊಂಡಿದ್ದು."

"ಹೆಂಗೈತೆ?" ಎಂದೆ.

"ಹಗುರಕ್ಕೈತೆ" ಎಂದರು, ತಮಗೇ ನಂಬಿಕೆಯಿಲ್ಲದವರಂತೆ. ಆಮೇಲೆ ತಟ್ಟನೆ ತಿರುಗಿ, "ಅವ್ವ, ಬೋರಮ್ಮ ಏನೋ ಅಂದ್ಲು. ಅವಳ ಅತ್ತೆ ಗಿರಣಿ ನಡೆಸ್ತಿದ್ದಾಗ ನೀನೂ ನನ್ನ ಅಲ್ಲೇ ಮರೆತು ಬಂದಿದ್ಯಂತೆ?"

ಅತ್ತೆ ಸೆರಗು ಸರಿಮಾಡಿಕೊಂಡರು. "ಎರಡು ಸಲ" ಎಂದರು. "ಎರಡನೇ ಸಲ ಜೊತೇಲಿ ಹಿಟ್ಟಿನ ಡಬ್ಬಾನೂ ಮರೆತಿದ್ದೆ. ಅದಕ್ಕೇ ಬೇಗ ನೆನಪಾಯ್ತು."

"ಅವ್ವ!"

"ಏನೋ ಅವ್ವ? ಅವತ್ತೇ ನಿಮ್ಮಪ್ಪನಿಗೆ ಹೇಳ್ದೆ, ಅವತ್ತೇ ಮೊಸರಾಯ್ತು. ನಾನೇನು ಮೂರು ತಿಂಗಳು ಗಡಿಗೆ ಕಿವಿ ಹುಡುಕ್ತಾ ಕೂತಿದ್ನಾ?" ಅಷ್ಟು ಹೇಳಿ ಅವರು ನನ್ನ ಕಡೆ ತಿರುಗಿ, ಸೆರಗಿನ ತುದಿಯಿಂದ ನನ್ನ ಮುಖ ಒರೆಸಿದರು. ಒರಟಾಗಿಯೇ ಒರೆಸಿದರು. "ಹೋಗು, ನಿಮ್ಮಜ್ಜೀನ ಕರ್ಕೊಂಡು ಬಾ. ಬೆಳಗಿನ ತನಕ ಕಾಯೋದು ಬೇಡ, ಈ ಸೆಕೆಗೆ ದೀಪ ಹಚ್ಚೋ ಹೊತ್ತಿಗೇ ಮೊಸರಾಗ್ತದೆ, ಅಷ್ಟರೊಳಗೆ ಬರ್ಬೇಕು."

ಅಜ್ಜಿಯನ್ನು ಕೈಹಿಡಿದು ನಡೆಸಿಕೊಂಡು ಬರುವಾಗ ದಾರಿಯುದ್ದಕ್ಕೂ ಎಲ್ಲವನ್ನೂ ಹೇಳಿದೆ. ಅಜ್ಜಿಯ ಕಣ್ಣು ಅರಳಿತು. "ಅಂದ್ರೆ ಒಬ್ಬ ರಾಜಕುಮಾರಿ ತನ್ನ ಮಗಳನ್ನ ಹಿಮದ ಬೆಟ್ಟದ ಮೇಲೆ…"

"ಹಿಟ್ಟಿನ ಮೂಟೆ ಅಜ್ಜಿ. ಬೋರಮ್ಮನ ಗಿರಣಿ."

ಅಜ್ಜಿ ಎರಡು ಹೆಜ್ಜೆ ನಡೆದಳು. "ಮೂಟೇನೇ ಚೆನ್ನಾಗೈತೆ ಬಿಡು" ಎಂದಳು. ಮತ್ತೆ ನಾಲ್ಕು ಹೆಜ್ಜೆ. ತಿರುವಿನಲ್ಲಿ ನಿಂತಳು. "ಪುಟ್ಟಿ, ನಿಮ್ಮಮ್ಮ ನಕ್ಷತ್ರ ಎಣಿಸೋಕೆ ಹೋಗ್ಲಿಲ್ಲ."

"ಗೊತ್ತು ಅಜ್ಜಿ."

"ನನ್ನ ಕೈ ಹಿಡ್ಕೊಂಡೇ ಹೋದ್ಲು. ನಿನಗೆ ಅದನ್ನ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ಬೇರೆ ಎಲ್ಲಾದಕ್ಕೂ ಬಂತು, ಅದೊಂದಕ್ಕೆ ಬರ್ಲಿಲ್ಲ."

ಒಣಗಿದ ಎಲೆಯಂಥ ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಉಳಿದ ದಾರಿಯನ್ನು ನಾವಿಬ್ಬರೂ ಕಥೆಯಿಲ್ಲದೆ ನಡೆದೆವು. ನನಗೆ ನೆನಪಿರುವಂತೆ ಅದೇ ಮೊದಲು.

ಗಡಿಗೆಯ ಸುತ್ತ ಎಲ್ಲರೂ ಕೂತೆವು. ಅತ್ತೆ ಮುಚ್ಚಳ ತೆಗೆದು ಗಡಿಗೆಯನ್ನು ಒಂದು ಪಕ್ಕಕ್ಕೆ ವಾಲಿಸಿದರು. ಒಳಗಿನದು ಕದಲಲಿಲ್ಲ. ಇನ್ನಷ್ಟು ವಾಲಿಸಿದರು. ಗಂಡ ಒಂದು ಕಣ್ಣು ಮುಚ್ಚಿ, ಗೋಡೆ ನೋಡುವ ಹಾಗೆ ನೋಡಿ, "ಮಟ್ಟವಾಗೈತೆ" ಎಂದರು. ಅಜ್ಜಿ ಬೆರಳು ಚಾಚಿ ಮೊಸರಿನ ಮೇಲಿನ ಕೆನೆಯನ್ನು ಮುಟ್ಟಿದಳು. ಬೆರಳಿನ ಗುರುತು ಅಲ್ಲೇ ಉಳಿಯಿತು. ಆ ಗುರುತನ್ನು ಅವಳು ತುಂಬ ಹೊತ್ತು ನೋಡಿದಳು.

ಬಿಸಿ ಅನ್ನವನ್ನು ಮೆತ್ತಗೆ ಹಿಸುಕಿ, ಬೆರಳಿನ ಗುರುತಿದ್ದ ಕಡೆಯಿಂದಲೇ ಒಂದು ಚಮಚ ಮೊಸರು ತೆಗೆದು ಕಲಸಿದೆ. ಕೂಸು ಅದರ ಅಪ್ಪನ ತೊಡೆಯ ಮೇಲಿತ್ತು. ಇನ್ನೂ ಕಿವಿಯ ಹಿಂದೆ ಹಿಟ್ಟು. ಬಾಯಿ ತೆರೆದಾಗ ಎರಡನೆಯ ಹಲ್ಲು ಒಸಡಿನೊಳಗೆ ನಾಳೆಯ ತನಕ ಕಾಯುತ್ತ ಬೆಳ್ಳಗೆ ಕಾಣುತ್ತಿತ್ತು. ಅಕ್ಕಿಕಾಳಿನಷ್ಟು ತುತ್ತನ್ನು ನಾಲಿಗೆಯ ಮೇಲಿಟ್ಟೆ. ಕೂಸು ಮುಖ ಕಿವುಚಿ, ಕಣ್ಣು ಮುಚ್ಚಿ, ಮೈಯೆಲ್ಲ ಒಮ್ಮೆ ಅದುರಿಸಿ, ನುಂಗಿತು. ಆಮೇಲೆ ಮತ್ತೆ ಬಾಯಿ ತೆರೆಯಿತು.